ಕತ್ತಿಗೂ ಮಂತ್ರಕ್ಕೂ ಸಮತೂಕ

ಚದುರಂಗದ ಮಣೆಯ ಮೇಲೆ ಕಾಲಾಳಿಗೂ ಮಂತ್ರಿಗೂ ಇರುವ ಅಂತರ ಆಟ ಬಲ್ಲವರಿಗೆಲ್ಲ ತಿಳಿದದ್ದೇ. ಕಾಲಾಳು ಒಂದೊಂದೇ ಮನೆಯಾಗಿ ಮುಂದಕ್ಕೆ ತೆವಳಬೇಕು. ಮಂತ್ರಿಯಾದರೋ ಈ ಮೂಲೆಯಿಂದ ಆ ಮೂಲೆಗೆ ಒಂದೇ ನಡೆಯಲ್ಲಿ ಹಾಯಬಲ್ಲ. ಆದರೂ ತನಗೆ ಅನ್ಯಾಯವಾಯಿತೆಂದು ಕಾಲಾಳು ಎಂದೂ ದೂರಿದ್ದಿಲ್ಲ. ಏಕೆಂದರೆ ಅದು ಮರದ ತುಂಡು. ಮಣೆಯ ಎರಡು ಬದಿಗೂ ಸಮಬಲವಿದ್ದರೆ ಸಾಕು, ಕಾಯಿ ಕಾಯಿಗಳ ನಡುವೆ ಸಮತ್ವ ಬೇಕಾಗಿಲ್ಲ.

ಆದರೆ ಆ ಕಾಲಾಳಿನೊಳಗೆ ಒಬ್ಬ ಮನುಷ್ಯ ಕುಳಿತಿದ್ದರೆ? ಮಂತ್ರಿಯೊಳಗೆ ಅವನ ಗೆಳೆಯ ಕುಳಿತಿದ್ದರೆ? ನಾಲ್ಕು ಗಂಟೆಯ ಕಾಲ ಒಂದೇ ಮೇಜಿನ ಸುತ್ತ ಕುಳಿತು, ಒಬ್ಬ ಮೆರೆಯುತ್ತಿರುವುದನ್ನು ಇನ್ನೊಬ್ಬ ಸುಮ್ಮನೆ ನೋಡುತ್ತಿರಬೇಕಾದರೆ? ಆಗ ಸಮತೂಕದ ಪ್ರಶ್ನೆ ಕೇವಲ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸ್ನೇಹದ ಪ್ರಶ್ನೆಯಾಗುತ್ತದೆ. ಅರ್ಧ ಶತಮಾನದಿಂದ ಲೋಕದ ಅನೇಕ ಕಡೆ ಜನರು ಆಡುತ್ತಿರುವ ಒಂದು ವಿಚಿತ್ರ ಆಟದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತಿದೆ. ಅದಕ್ಕೆ ಕೊಟ್ಟ ಉತ್ತರಗಳ ಕಥೆ ಆಟವಾಡದವರಿಗೂ ಸ್ವಾರಸ್ಯವೆನಿಸುವಂಥದು.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನೆಲಮಾಳಿಗೆಗಳು ಮತ್ತು ಬೆಂಕಿಯುಗುಳುವ ಮಹಾಸರ್ಪಗಳು ಎಂದು ಅದರ ಅರ್ಥ. ೨೦೧೬ರಲ್ಲಿ ಆರಂಭವಾದ ಸ್ಟ್ರೇಂಜರ್ ಥಿಂಗ್ಸ್ ಎಂಬ ಧಾರಾವಾಹಿಯಲ್ಲಿ ನಾಲ್ವರು ಹುಡುಗರು ಇದನ್ನು ಆಡುವುದನ್ನು ನಮ್ಮ ಮನೆಗಳ ಮಕ್ಕಳು ನೋಡಿರಬಹುದು.

ಇದರಲ್ಲಿ ಮಣೆ ಇರಲೇಬೇಕೆಂಬ ನಿಯಮವಿಲ್ಲ. ಒಬ್ಬನು ಸೂತ್ರಧಾರ. ಅವನು ಕಥೆಯನ್ನು ನಡೆಸುತ್ತಾನೆ; ಕಾಡು, ಕೋಟೆ, ರಾಕ್ಷಸ, ವೈರಿ ಎಲ್ಲವೂ ಅವನ ಬಾಯಿಂದಲೇ ಬರಬೇಕು. ಉಳಿದವರು ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ‘ನಾನು ಬಾಗಿಲನ್ನು ಒದೆಯುತ್ತೇನೆ’ ಎಂದು ಒಬ್ಬ, ‘ನಾನು ಕಂಬದ ಮರೆಗೆ ನಿಲ್ಲುತ್ತೇನೆ’ ಎಂದು ಇನ್ನೊಬ್ಬ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಪಗಡೆಯ ದಾಳದಂತಲ್ಲ. ನಾಲ್ಕು ಮುಖದ್ದು, ಆರು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಹೀಗೆ ಹಲವು ಬಗೆ. ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಎಲ್ಲರೂ ಒಂದೇ ತಂಡ. ಗೆದ್ದರೆ ಎಲ್ಲರೂ ಗೆದ್ದಂತೆ.

ಚದುರಂಗದ ಮರಿಮಗ

ಈ ಆಟಕ್ಕೂ ನಮ್ಮ ದೇಶಕ್ಕೂ ದೂರದ ನಂಟುಂಟು. ಭಾರತದ ಚತುರಂಗ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತಷ್ಟೆ. ೧೭೮೦ರಲ್ಲಿ ಹೆಲ್ವಿಗ್ ಎಂಬ ಜರ್ಮನ್ ವಿದ್ವಾಂಸನು ಆ ಚೆಸ್ಸನ್ನೇ ಹಿಗ್ಗಿಸಿ ಯುದ್ಧದ ಆಟವೊಂದನ್ನು ರಚಿಸಿದ. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಅಂಥ ಆಟಕ್ಕೆ ನಕ್ಷೆಯನ್ನೂ ದಾಳವನ್ನೂ ಒಬ್ಬ ತೀರ್ಪುಗಾರನನ್ನೂ ಕೂಡಿಸಿ ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆ ಒದಗಿಸಿದ. ಆ ತೀರ್ಪುಗಾರನೇ ಇಂದಿನ ಸೂತ್ರಧಾರನ ಪೂರ್ವಜ.

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಪುಟ್ಟ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತನಿದ್ದ. ವಿಮಾ ಕಂಪನಿಯ ಕೆಲಸ ಕೈತಪ್ಪಿದ ಮೇಲೆ ಪಾದರಕ್ಷೆ ದುರಸ್ತಿ ಮಾಡಿ ಸಂಸಾರ ತೂಗಿಸುತ್ತಿದ್ದವನು. ಯುದ್ಧದ ಆಟಗಳಲ್ಲಿ ಅಪಾರ ಆಸಕ್ತಿ. ನೆರೆಯ ಮಿನಸೋಟ ಪ್ರಾಂತದ ಡೇವ್ ಆರ್ನೆಸನ್, ಒಬ್ಬೊಬ್ಬ ಆಟಗಾರನೂ ಸೈನ್ಯವನ್ನಲ್ಲ, ಒಬ್ಬನೇ ವೀರನನ್ನು ನಡೆಸುವಂಥ ಪದ್ಧತಿಯನ್ನು ೧೯೭೧ರ ಸುಮಾರಿಗೆ ಆಡಿಸುತ್ತಿದ್ದ. ಇಬ್ಬರೂ ಕೂಡಿ ೧೯೭೪ರಲ್ಲಿ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯೊಂದನ್ನು ಹೊರತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಕಾಯಿಯೊಳಕ್ಕೆ ಮನುಷ್ಯ ಹೊಕ್ಕದ್ದು ಆಗ. ಸಮತೂಕದ ತಕರಾರು ಹುಟ್ಟಿದ್ದೂ ಆಗಲೇ.

ಮೂವರು ಮೂಲಪುರುಷರು

ಆ ಹೊತ್ತಗೆಗಳಲ್ಲಿ ಆಟಗಾರನು ಆರಿಸಿಕೊಳ್ಳಬಹುದಾದ ವೃತ್ತಿಗಳು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಯೋಧನು ಕವಚ ತೊಟ್ಟು ಮುಂದೆ ನಿಂತು ಪೆಟ್ಟು ಕೊಡುವವನು, ಪೆಟ್ಟು ತಿನ್ನುವವನು. ಮಾಂತ್ರಿಕನು ಹಿಂದೆ ನಿಂತು ಮಂತ್ರ ಪ್ರಯೋಗಿಸುವವನು. ಪುರೋಹಿತನು ನಡುವಿನವನು, ಗಾಯಗೊಂಡವರನ್ನು ಗುಣಪಡಿಸುವುದೂ ಪ್ರೇತಪಿಶಾಚಿಗಳನ್ನು ಓಡಿಸುವುದೂ ಅವನ ಕೆಲಸ.

ಈ ಪುರೋಹಿತನು ಹುಟ್ಟಿದ ಬಗೆ ಕುತೂಹಲಕರವಾಗಿದೆ. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯ ಪಾತ್ರವೊಂದಿತ್ತು. ಅದನ್ನು ಆಡುತ್ತಿದ್ದವನ ಕೈ ದಿನೇ ದಿನೇ ಮೇಲಾಗುತ್ತ ಬಂದು, ಅದನ್ನು ತಡೆಯುವವರೇ ಇಲ್ಲವಾಯಿತು. ಆಗ ಪಿಶಾಚಿಯನ್ನು ಅಟ್ಟುವ ಧರ್ಮಗುರುವಿನ ವೃತ್ತಿಯೊಂದನ್ನು ಹೊಸದಾಗಿ ಸೃಷ್ಟಿಸಿದರು. ಎಂದರೆ ಪುರೋಹಿತನು ಹುಟ್ಟಿದ್ದೇ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದ ಬೊಟ್ಟಿನಂತೆ. ಮರುವರ್ಷ, ೧೯೭೫ರಲ್ಲಿ, ಕಳ್ಳನ ವೃತ್ತಿಯೂ ಬಂದು ಸೇರಿತು. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ಹಿಂದಿನಿಂದ ಇರಿಯುವುದು ಅವನ ವಿದ್ಯೆ.

ನಾಲ್ಕು ಮುಖದ ದಾಳದ ಬಾಳು

ಆದಿಕಾಲದಲ್ಲಿ ಕತ್ತಿಗೂ ಮಂತ್ರಕ್ಕೂ ಹೇಗೆ ತೂಕ ಹೊಂದಿಸಿದರು? ೧೯೮೧ರಲ್ಲಿ ಹೊರಬಂದ ಪ್ರವೇಶಿಕೆಯ ಪುಸ್ತಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಪ್ರತಿಯೊಂದು ಪಾತ್ರಕ್ಕೂ ಇಷ್ಟು ಪ್ರಾಣಾಂಕ ಎಂದಿರುತ್ತದೆ. ಪೆಟ್ಟು ಬಿದ್ದಷ್ಟೂ ಅದು ಇಳಿಯುತ್ತದೆ, ಸೊನ್ನೆಯಾದರೆ ಸಾವು. ಮೊದಲ ಮೆಟ್ಟಿಲಿನ ಯೋಧನು ಎಂಟು ಮುಖದ ದಾಳ ಉರುಳಿಸಿ ತನ್ನ ಪ್ರಾಣಾಂಕ ಪಡೆಯುತ್ತಾನೆ. ಮಾಂತ್ರಿಕನು ನಾಲ್ಕು ಮುಖದ ದಾಳ. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ಒಂದು ಪೆಟ್ಟು ಆರು ಮುಖದ ದಾಳದಷ್ಟು. ಲೆಕ್ಕ ಹಾಕಿ ನೋಡಿದರೆ, ಗುರಿ ತಾಗಿದ ಒಂದೇ ಪೆಟ್ಟಿಗೆ ಹೊಸ ಮಾಂತ್ರಿಕನು ನಾಲ್ಕರಲ್ಲಿ ಮೂರು ಬಾರಿ ಸಾಯುತ್ತಾನೆ! ಅವನ ಬತ್ತಳಿಕೆಯಲ್ಲಿರುವುದು ದಿನಕ್ಕೆ ಒಂದೇ ಮಂತ್ರ. ಅದು ನಿದ್ರಾಮಂತ್ರವಾಗಿದ್ದರೆ ಗಾಬ್ಲಿನ್‌ಗಳ ಹಿಂಡೊಂದು ಕೂಡಲೇ ಮಲಗಿಬಿಡುತ್ತದೆ. ಆದರೆ ಪ್ರಯೋಗಿಸಿದ ಮೇಲೆ ಮರುದಿನದ ತನಕ ಅವನು ದೀಪ ಹಿಡಿದು ನಿಲ್ಲುವ ಜೊತೆಗಾರ, ಅಷ್ಟೆ.

ಸಾಲದ್ದಕ್ಕೆ ಅವನು ಮೇಲೇರುವುದೂ ನಿಧಾನ. ಎರಡನೆಯ ಮೆಟ್ಟಿಲಿಗೆ ಕಳ್ಳನಿಗೆ ೧,೨೦೦ ಅನುಭವಾಂಕ ಸಾಕು. ಪುರೋಹಿತನಿಗೆ ೧,೫೦೦, ಯೋಧನಿಗೆ ೨,೦೦೦, ಮಾಂತ್ರಿಕನಿಗೆ ೨,೫೦೦.

ಇಷ್ಟೆಲ್ಲ ಕಷ್ಟಪಟ್ಟು ಬದುಕಿ ಉಳಿದವನಿಗೆ ಮುಂದೆ ಸುಗ್ಗಿ. ಐದನೆಯ ಮೆಟ್ಟಿಲಿಗೆ ಅವನಿಗೆ ಅಗ್ನಿಗೋಳದ ಮಂತ್ರ ಸಿಗುತ್ತದೆ. ಇಪ್ಪತ್ತು ಅಡಿ ತ್ರಿಜ್ಯದೊಳಗೆ ನಿಂತವರನ್ನೆಲ್ಲ, ತಾನು ಏರಿದ ಮೆಟ್ಟಿಲಿಗೊಂದರಂತೆ ಆರು ಮುಖದ ದಾಳಗಳಿಂದ ಅದು ಸುಡುತ್ತದೆ. ಹತ್ತನೆಯ ಮೆಟ್ಟಿಲಿಗೆ ಹತ್ತು ದಾಳ, ಸರಾಸರಿ ೩೫. ಯೋಧನ ಕತ್ತಿಯ ಪೆಟ್ಟು ಎಂಟು ಮುಖದ ಒಂದೇ ದಾಳವಾಗಿ ಉಳಿಯುತ್ತದೆ, ಸರಾಸರಿ ನಾಲ್ಕೂವರೆ. ಯೋಧನು ಮೇಲೇರಿದಂತೆ ಗುರಿ ತಪ್ಪುವುದು ಕಡಿಮೆಯಾಗುತ್ತದೆಯೇ ಹೊರತು ಬೇರೇನೂ ದೊಡ್ಡದಾಗಿ ಬೆಳೆಯುವುದಿಲ್ಲ. ಮಾಂತ್ರಿಕನಿಗಾದರೋ ಮಂತ್ರಗಳ ಸಂಖ್ಯೆಯೂ ಬೆಳೆಯುತ್ತದೆ, ಒಂದೊಂದು ಮಂತ್ರದ ಬಲವೂ ಬೆಳೆಯುತ್ತದೆ. ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಯೋಧನದು ಬಡ್ಡಿ, ಮಾಂತ್ರಿಕನದು ಚಕ್ರಬಡ್ಡಿ ಎಂದರೆ ವ್ಯವಹಾರಸ್ಥರಿಗೆ ಬೇಗ ಅರ್ಥವಾದೀತು.

ಮೊದಲು ಯೋಧನ ಕಾಲ, ಆಮೇಲೆ ಮಾಂತ್ರಿಕನ ಕಾಲ. ಒಟ್ಟು ಆಯುಷ್ಯ ನೋಡಿದರೆ ಸಮ ಎಂಬುದು ಆ ದಿನಗಳ ತರ್ಕ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆಯುಷ್ಯವನ್ನು ಯಾರೂ ಒಂದೇ ಸಂಜೆಯಲ್ಲಿ ಆಡಿ ಮುಗಿಸುವುದಿಲ್ಲ. ಆರು ತಿಂಗಳು ಒಬ್ಬ ಬೇಸರಪಡುವುದು, ಮುಂದಿನ ಆರು ತಿಂಗಳು ಇನ್ನೊಬ್ಬ ಬೇಸರಪಡುವುದು: ಇದನ್ನು ನ್ಯಾಯವೆನ್ನಬಹುದು, ಆನಂದವೆನ್ನಲಾಗದು.

ಬಡಿಸುವವರ ಹಸಿವು

ಪುರೋಹಿತನ ಸಂಕಟ ಇನ್ನೊಂದು ಬಗೆಯದು. ಅವನಿಗೆ ಬಲ ಕಡಿಮೆ ಎಂದಲ್ಲ. ಅವನಿಲ್ಲದೆ ತಂಡ ಬದುಕುವುದೇ ಕಷ್ಟ. ಆದರೆ ತನ್ನ ಸರದಿ ಬಂದಾಗಲೆಲ್ಲ ಅವನು ಮಾಡಬೇಕಾದದ್ದು ಪರರ ಗಾಯ ಮುಚ್ಚುವ ಕೆಲಸ. ಯೋಧನು ರಾಕ್ಷಸನ ತಲೆ ಹಾರಿಸಿದರೆ ಮೇಜಿನ ಸುತ್ತ ಕೇಕೆ ಏಳುತ್ತದೆ. ಆ ಯೋಧನನ್ನು ನಿಲ್ಲಿಸಿಕೊಂಡವನು ಯಾರೆಂದು ಯಾರೂ ಕೇಳುವುದಿಲ್ಲ. ಹಬ್ಬದ ಮನೆಯಲ್ಲಿ ಎಲ್ಲರಿಗೂ ಬಡಿಸಿ ತಾನು ಕಡೆಯ ಪಂಕ್ತಿಗೆ ಕುಳಿತುಕೊಳ್ಳುವ ಗೃಹಿಣಿಯ ಪಾಡು ಅದು. ಅಡಿಗೆ ಚೆನ್ನಾಗಿತ್ತೆಂದು ಎಲ್ಲರೂ ಹೊಗಳುತ್ತಾರೆ. ಅವಳು ಉಂಡಳೇ ಎಂದು ವಿಚಾರಿಸುವವರು ವಿರಳ.

ಆದ್ದರಿಂದ ಆಟ ಆರಂಭಿಸುವಾಗ ‘ಯಾರಾದರೊಬ್ಬರು ಪುರೋಹಿತರಾಗಲೇಬೇಕಲ್ಲ’ ಎಂಬ ಮಾತು ಬರುತ್ತದೆ. ದಾಕ್ಷಿಣ್ಯಕ್ಕೆ ಸಿಕ್ಕಿದವರು ಒಪ್ಪಿಕೊಳ್ಳುತ್ತಾರೆ. ಬಲದ ತಕ್ಕಡಿ ಸಮವಾಗಿದ್ದರೂ ಸಂತೋಷದ ತಕ್ಕಡಿ ವಾಲಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಎಲ್ಲರಿಗೂ ಒಂದೇ ಅಳತೆ

೧೯೯೭ರಲ್ಲಿ ಈ ಆಟ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯ ಕೈಸೇರಿತು. ೨೦೦೦ದಲ್ಲಿ ಅವರು ಹೊರತಂದ ಮೂರನೆಯ ಆವೃತ್ತಿಯಲ್ಲಿ ನಿಯಮಗಳನ್ನೆಲ್ಲ ಓರಣಗೊಳಿಸಿದರು. ಮೆಟ್ಟಿಲೇರಲು ಎಲ್ಲ ವೃತ್ತಿಗಳಿಗೂ ಒಂದೇ ಅನುಭವಾಂಕದ ಪಟ್ಟಿ. ನೋಡಲು ಇದು ಸಮಾನತೆಯೇ. ಆದರೆ ಫಲ ವಿಪರೀತವಾಯಿತು. ಮಾಂತ್ರಿಕನ ಕಾಲಿಗೆ ಕಟ್ಟಿದ್ದ ಹಳೆಯ ಗುಂಡನ್ನು ಬಿಚ್ಚಿದರು, ಅವನ ಚಕ್ರಬಡ್ಡಿಯನ್ನು ಮಾತ್ರ ಹಾಗೆಯೇ ಬಿಟ್ಟರು. ಮೇಲಿನ ಮೆಟ್ಟಿಲುಗಳಲ್ಲಿ ಯೋಧನು ಮಾಂತ್ರಿಕನ ಅಂಗರಕ್ಷಕನಂತಾಗಿಬಿಟ್ಟ. ಬೀಗ ತೆಗೆಯುವುದಕ್ಕೂ ಮಂತ್ರವುಂಟು, ಕಣ್ಣಿಗೆ ಕಾಣದಂತೆ ನಡೆಯುವುದಕ್ಕೂ ಮಂತ್ರವುಂಟು ಎಂದಾದ ಮೇಲೆ ಕಳ್ಳನಿಗೆ ಉಳಿದ ಕೆಲಸವೇನು?

ಇದಕ್ಕೆ ಪ್ರಾಯಶ್ಚಿತ್ತವೆಂಬಂತೆ ೨೦೦೮ರಲ್ಲಿ ನಾಲ್ಕನೆಯ ಆವೃತ್ತಿ ಬಂದಿತು. ಹಿಂದೆ ಆಟಗಾರರು ಬಾಯಿಮಾತಿನಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಅದು ಬಹಿರಂಗವಾಗಿ ಬರೆದಿಟ್ಟಿತು. ಯುದ್ಧದಲ್ಲಿ ನಾಲ್ಕು ಹೊಣೆಗಳಿವೆ: ತಡೆಯುವವನು, ಹೊಡೆಯುವವನು, ಒದಗುವವನು, ಹತೋಟಿಯಲ್ಲಿಡುವವನು. ಯೋಧನು ತಡೆಯುವವನು. ಅವನು ವೈರಿಯೊಬ್ಬನನ್ನು ಗುರುತಿಸಿ ನಿಂತರೆ, ಆ ವೈರಿ ಇನ್ನೊಬ್ಬರ ಮೇಲೆ ಬೀಳಹೋದಾಗ ಅವನ ದಾಳದಿಂದ ಎರಡು ಅಂಕ ಕಳೆಯುತ್ತದೆ. ಹೀಗೆ ‘ಮುಂದೆ ನಿಂತು ಕಾಪಾಡುವುದು’ ಎಂಬ ಬರಿಯ ಮಾತಿಗೆ ಮೊದಲ ಬಾರಿ ಹಲ್ಲು ಮೂಡಿತು. ಪುರೋಹಿತನು ಒದಗುವವನು. ಅವನ ಮುಖ್ಯವಾದ ಗುಣಪಡಿಸುವ ವಿದ್ಯೆಯನ್ನು ಪುಟ್ಟ ಕ್ರಿಯೆಯನ್ನಾಗಿ ಮಾಡಿದರು. ಗೆಳೆಯನ ಗಾಯವನ್ನೂ ಮಾಯಿಸಿ, ಅದೇ ಸರದಿಯಲ್ಲಿ ತಾನೂ ಗದೆ ಬೀಸಬಹುದು. ಬಡಿಸುವವರಿಗೂ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

ಇಷ್ಟೇ ಅಲ್ಲದೆ ಪ್ರತಿಯೊಂದು ವೃತ್ತಿಗೂ ಮೂರು ಬಗೆಯ ಶಕ್ತಿಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದರು: ಬೇಕೆಂದಾಗಲೆಲ್ಲ ಬಳಸುವಂಥವು, ಹೋರಾಟಕ್ಕೊಮ್ಮೆ ಬಳಸುವಂಥವು, ದಿನಕ್ಕೊಮ್ಮೆ ಬಳಸುವಂಥವು. ಯೋಧನಿಗೂ ದಿನಕ್ಕೊಂದು ಮಹಾಪ್ರಹಾರ, ಮಾಂತ್ರಿಕನಿಗೂ ದಿನಕ್ಕೊಂದು ಮಹಾಮಂತ್ರ. ಕತ್ತಿಗೂ ಮಂತ್ರಕ್ಕೂ ತೂಕ ಇಷ್ಟು ಸರಿಯಾಗಿ ಕೂಡಿದ್ದು ಅದಕ್ಕೆ ಮುಂಚೆ ಎಂದೂ ಇಲ್ಲ.

ಆದರೂ ಬಹುಮಂದಿಗೆ ಅದು ರುಚಿಸಲಿಲ್ಲ. ಕತ್ತಿ ಹಿಡಿದರೂ ಮಂತ್ರ ಹೇಳಿದರೂ ಕೈಗೆ ಸಿಗುವ ಅನುಭವ ಒಂದೇ ಎಂಬುದು ಅವರ ದೂರು. ಸಾರು, ಹುಳಿ, ಪಾಯಸ ಎಲ್ಲಕ್ಕೂ ಒಂದೇ ಸೌಟು ಉಪ್ಪು ಹಾಕಿದರೆ ಅಳತೆಯೇನೋ ಸಮವೇ. ಊಟ ಮಾತ್ರ ಕೆಟ್ಟಿತು. ಅನೇಕರು ಹಳೆಯ ನಿಯಮಗಳನ್ನೇ ತಿದ್ದಿ ೨೦೦೯ರಲ್ಲಿ ಹೊರಟ ಪಾತ್‌ಫೈಂಡರ್ ಎಂಬ ಬೇರೆ ಆಟಕ್ಕೆ ವಲಸೆ ಹೋದರು. ಮೂರನೆಯ ಆವೃತ್ತಿ ಕಲಿಸಿದ ಪಾಠ ಒಂದು, ನಾಲ್ಕನೆಯದು ಕಲಿಸಿದ್ದು ಇನ್ನೊಂದು. ಅಸಮತೆ ಮಿತಿಮೀರಿದರೆ ಒಬ್ಬನಿಗೆ ಬೇಸರ. ಭೇದವೇ ಅಳಿದರೆ ಎಲ್ಲರಿಗೂ ಬೇಸರ.

ಒಂದು ದಿನದ ಲೆಕ್ಕ

೨೦೧೪ರ ಐದನೆಯ ಆವೃತ್ತಿ ನಡುವಿನ ದಾರಿ ಹಿಡಿಯಿತು. ವೃತ್ತಿಗಳ ಭೇದ ಮರಳಿ ಬಂತು. ಆದರೆ ಮಾಂತ್ರಿಕನಿಗೆ ಕಡಿವಾಣಗಳೂ ಬಂದವು. ಏಕಾಗ್ರತೆ ಬೇಕಾದ ಮಂತ್ರಗಳಲ್ಲಿ ಒಂದನ್ನು ಮಾತ್ರ ಅವನು ಒಮ್ಮೆಗೆ ನಡೆಸಬಹುದು. ಪೆಟ್ಟು ಬಿದ್ದರೆ ಅದೂ ಮುರಿಯಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ವಿಶ್ರಾಂತಿಯ ನಿಯಮ. ಯೋಧನ ವಿಶೇಷ ಶಕ್ತಿಗಳು ಒಂದು ಗಂಟೆ ದಣಿವಾರಿಸಿಕೊಂಡರೆ ಹಿಂದಿರುಗುತ್ತವೆ. ಮಾಂತ್ರಿಕನ ಮಂತ್ರಗಳಿಗೆ ಬಹುಪಾಲು ಎಂಟು ಗಂಟೆಯ ಪೂರ್ಣ ವಿಶ್ರಾಂತಿಯೇ ಬೇಕು. ಒಂದು ದಿನಕ್ಕೆ ಆರರಿಂದ ಎಂಟು ಹೋರಾಟಗಳನ್ನು ತಂಡ ತಾಳಬಲ್ಲದೆಂದು ಸೂತ್ರಧಾರನ ಕೈಪಿಡಿ ಹೇಳಿತು.

ಈ ಸಂಖ್ಯೆಯ ಒಳಗುಟ್ಟೇನು? ಐದನೆಯ ಮೆಟ್ಟಿಲಿನ ಇಬ್ಬರನ್ನು ನಿಲ್ಲಿಸಿ ಲೆಕ್ಕ ಹಾಕೋಣ. ಬಲವಾದ ತೋಳಿನ ಯೋಧನು ಎರಡು ಕೈಯ ದೊಡ್ಡ ಕತ್ತಿಯನ್ನು ಸರದಿಗೆ ಎರಡು ಬಾರಿ ಬೀಸುತ್ತಾನೆ. ಪೆಟ್ಟಿಗೆ ಸರಾಸರಿ ೧೧. ನೂರಕ್ಕೆ ೬೫ ಪೆಟ್ಟು ತಾಗುತ್ತದೆಂದು ಹಿಡಿದರೆ ಸರದಿಗೆ ಸುಮಾರು ೧೪. ಮಾಂತ್ರಿಕನ ಅಗ್ನಿಗೋಳಕ್ಕೆ ಎಂಟು ದಾಳ, ಸರಾಸರಿ ೨೮. ತಪ್ಪಿಸಿಕೊಂಡವರಿಗೆ ಅರ್ಧ ಪೆಟ್ಟು. ಮೂವರು ವೈರಿಗಳು ಸಿಕ್ಕಿಬಿದ್ದು, ಸಗಟಾಗಿ ಅರ್ಧದಷ್ಟು ಬಾರಿ ತಪ್ಪಿಸಿಕೊಂಡರೆಂದರೆ, ಗೋಳವೊಂದಕ್ಕೆ ೬೩ ಬಂದಿತು. ಅಂಥವು ದಿನಕ್ಕೆ ಎರಡು. ನಡುವೆ ಒಂದು ಗಂಟೆಯ ವಿರಾಮ ಸಿಕ್ಕಿದರೆ ಮೂರನೆಯದು. ಉಳಿದ ಸರದಿಗಳಲ್ಲಿ ಎಷ್ಟು ಬಾರಿ ಬೇಕಾದರೂ ಸಿಡಿಸಬಹುದಾದ ಬೆಂಕಿಯ ಕಿಡಿಯುಂಟು. ಅದು ಸರದಿಗೆ ಸುಮಾರು ೭. ಇಬ್ಬರ ಇತರ ಸಣ್ಣಪುಟ್ಟ ಸೌಲಭ್ಯಗಳನ್ನು ಸದ್ಯಕ್ಕೆ ಬದಿಗಿಡೋಣ.

ದಿನಕ್ಕೆ ಒಂದೇ ಹೋರಾಟ, ಅದು ನಾಲ್ಕು ಸರದಿ ನಡೆಯಿತೆನ್ನಿ. ಯೋಧನ ಗಳಿಕೆ ೫೭. ಮಾಂತ್ರಿಕನದು ಎರಡು ಗೋಳ, ಎರಡು ಕಿಡಿ ಸೇರಿ ೧೪೦. ಎರಡೂವರೆ ಪಾಲು! ಅದೇ ದಿನಕ್ಕೆ ಆರು ಹೋರಾಟಗಳಾಗಿ ಒಟ್ಟು ಇಪ್ಪತ್ತನಾಲ್ಕು ಸರದಿಗಳಾದರೆ? ಯೋಧನದು ೩೪೩. ಮಾಂತ್ರಿಕನದು ಮೂರು ಗೋಳಕ್ಕೆ ೧೮೯, ಇಪ್ಪತ್ತೊಂದು ಕಿಡಿಗೆ ೧೫೦, ಒಟ್ಟು ೩೩೯. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು.

ನಿಯಮದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ದಿನದ ಉದ್ದವೊಂದೇ. ಮನೆಗಳಲ್ಲಿ ಆಡುವವರಿಗೆ ಒಂದು ಸಂಜೆಗೆ ಒಂದು ಅಥವಾ ಎರಡು ಹೋರಾಟಗಳೇ ಹೆಚ್ಚು. ಅದು ಮುಗಿದೊಡನೆ ‘ಎಲ್ಲರೂ ಮಲಗಿದೆವು, ಬೆಳಗಾಯಿತು’ ಎಂದುಬಿಡುವುದು ವಾಡಿಕೆ. ಮಾಂತ್ರಿಕನಿಗೆ ದಿನವೂ ಸಂಬಳದ ದಿನವೇ ಆದಂತಾಯಿತು. ತಿಂಗಳ ಕೊನೆಯ ವಾರದ ಬಿಸಿ ಅವನಿಗೆ ತಟ್ಟುವುದೇ ಇಲ್ಲ. ‘ಯೋಧನ ವೃತ್ತಿ ದುರ್ಬಲ’ ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಪುಸ್ತಕದಲ್ಲಿಲ್ಲ, ಈ ಗಡಿಯಾರದಲ್ಲಿದೆ.

ಸೂತ್ರಧಾರನ ಕೈಯಲ್ಲಿ

ಹಾಗಾದರೆ ಆಟವನ್ನು ನಡೆಸುವವರು ಮಾಡಬೇಕಾದದ್ದೇನು? ಮನೆಯಲ್ಲಿ ಮಕ್ಕಳೋ ಅವರ ಗೆಳೆಯರೋ ಈ ಆಟಕ್ಕೆ ಕುಳಿತಾಗ ಕೆಲವು ಸೂಚನೆಗಳು ಉಪಯೋಗಕ್ಕೆ ಬಂದಾವು.

ಮೊದಲನೆಯದು, ನಿದ್ದೆಯನ್ನು ಅಗ್ಗ ಮಾಡಬಾರದು. ಸೂರ್ಯಾಸ್ತದೊಳಗೆ ಸೆರೆಯಾಳನ್ನು ಬಿಡಿಸಬೇಕು, ನದಿಯ ನೀರು ಏರುತ್ತಿದೆ, ಬೆನ್ನಟ್ಟಿದವರು ಹತ್ತಿರವಾಗುತ್ತಿದ್ದಾರೆ ಎಂಬಂಥ ಒತ್ತಾಯ ಕಥೆಯಲ್ಲಿದ್ದರೆ ಮಾಂತ್ರಿಕನು ಮಂತ್ರವನ್ನು ಎಣಿಸಿ ಖರ್ಚುಮಾಡುತ್ತಾನೆ. ಒಂದು ‘ದಿನ’ ಒಂದೇ ಸಂಜೆಯಲ್ಲಿ ಮುಗಿಯಬೇಕೆಂದಿಲ್ಲ. ಕಥೆಯ ಒಂದು ದಿನವನ್ನು ಮೂರು ಭಾನುವಾರ ಆಡಬಹುದು.

ಎರಡನೆಯದು, ವೈರಿಗಳ ಬಗೆಯನ್ನು ಬದಲಿಸುತ್ತಿರಬೇಕು. ಗುಂಪಾಗಿ ನುಗ್ಗುವ ಸಣ್ಣವರು ಅಗ್ನಿಗೋಳಕ್ಕೆ ಹಬ್ಬ. ಒಂಟಿಯಾಗಿ ನಿಂತ ದೈತ್ಯನ ಮುಂದೆ ಅದೇ ಗೋಳದ ಬೆಲೆ ಮೂರನೆಯ ಒಂದು ಪಾಲಿಗಿಳಿಯುತ್ತದೆ; ಅಲ್ಲಿ ದೊಡ್ಡ ಕತ್ತಿಯದೇ ಮೇಲುಗೈ. ಇಕ್ಕಟ್ಟಾದ ಬಾಗಿಲಿನಲ್ಲಿ ಯೋಧನೊಬ್ಬನೇ ನಿಂತು ಹತ್ತು ಮಂದಿಯನ್ನು ತಡೆಯಬಲ್ಲ. ಹೆಣಗಳೆದ್ದು ನಡೆಯುವ ಸ್ಮಶಾನದಲ್ಲಿ ಪುರೋಹಿತನದೇ ಮಾತು. ಹೋರಾಟದ ನಡುವೆ ಯಾರಾದರೂ ಜಾರಿಹೋಗಿ ಕೋಟೆಯ ಬಾಗಿಲು ಇಳಿಸಬೇಕಾದರೆ ಕಳ್ಳನನ್ನೇ ಕರೆಯಬೇಕು. ಪ್ರತಿ ಹೋರಾಟದಲ್ಲೂ ಎಲ್ಲರೂ ಸಮನಾಗಿರಬೇಕಾಗಿಲ್ಲ; ಸರದಿಯ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಹೋರಾಟ ದಕ್ಕಿದರೆ ಸಾಕು.

ಮೂರನೆಯದು, ಮುಂದಿದ್ದವನ ಕೈ ಕಟ್ಟಿ ಹಿಂದಿದ್ದವನನ್ನು ಸಮಾಧಾನಪಡಿಸಬಾರದು. ಮಂತ್ರ ಹೇಳಹೋದಾಗಲೆಲ್ಲ ಏನೋ ಒಂದು ನೆವದಿಂದ ಅದು ವಿಫಲವಾಯಿತೆಂದರೆ ಮಾಂತ್ರಿಕನನ್ನು ಆಡುವವನಿಗೆ ಒಡನೆ ತಿಳಿಯುತ್ತದೆ. ಯೋಧನ ಕೈಗೆ ಒಂದು ಒಳ್ಳೆಯ ಕತ್ತಿ ಸಿಗುವಂತೆ ಕಥೆಯನ್ನು ತಿರುಗಿಸುವುದು ಅದಕ್ಕಿಂತ ಲೇಸು. ಒಬ್ಬನಿಂದ ಕಿತ್ತುಕೊಂಡದ್ದು ಇನ್ನೊಬ್ಬನಿಗೆ ಸುಖ ಕೊಡುವುದಿಲ್ಲ.

ಕಡೆಯದು, ಎಲ್ಲಕ್ಕಿಂತ ಸುಲಭವಾದದ್ದು, ಆದ್ದರಿಂದಲೇ ಬಹುಮಂದಿ ಮರೆಯುವಂಥದು: ಕೇಳುವುದು. ಹಿಂದೆ ನಿಂತು ಗಾಯ ಮಾಯಿಸುವುದರಲ್ಲೇ ತೃಪ್ತಿ ಕಾಣುವವರು ಉಂಟು. ಅವರಿಗೆ ಕತ್ತಿಯನ್ನು ಬಲವಂತವಾಗಿ ಕೊಡಬೇಕಾಗಿಲ್ಲ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಒಳಗೊಳಗೇ ಬೇಸರಪಡುವವರೂ ಉಂಟು; ಅವರು ತಾವಾಗಿ ಬಾಯಿ ಬಿಡುವುದಿಲ್ಲ. ಯಾರ ದಾಳ ಬಹಳ ಹೊತ್ತಿನಿಂದ ಉರುಳಿಲ್ಲ, ಯಾರ ಕಣ್ಣು ಕಿಟಕಿಯ ಕಡೆ ಹೋಗಿದೆ ಎಂಬುದನ್ನು ಯಾವ ನಿಯಮದ ಪುಸ್ತಕವೂ ಹೇಳಿಕೊಡಲಾರದು. ಅದನ್ನು ಕಾಣಬೇಕಾದವನು ಸೂತ್ರಧಾರ.

ಗೈಗ್ಯಾಕ್ಸ್ ೨೦೦೮ರಲ್ಲಿಯೂ ಆರ್ನೆಸನ್ ೨೦೦೯ರಲ್ಲಿಯೂ ತೀರಿಕೊಂಡರು. ಅವರು ಎತ್ತಿದ ತಕ್ಕಡಿಯನ್ನು ಜನ ಇನ್ನೂ ಕೆಳಗಿಟ್ಟಿಲ್ಲ. ೨೦೨೪ರಲ್ಲಿ ಮತ್ತೊಮ್ಮೆ ಪರಿಷ್ಕೃತ ಪುಸ್ತಕಗಳು ಬಂದವು, ಮುಂದೆಯೂ ಬರುತ್ತವೆ. ಪುಸ್ತಕದ ಅಂಕಗಳು ಎಷ್ಟು ಸರಿಹೋದರೂ ಕೊನೆಯ ಒಂದು ಗುಲಗಂಜಿ ತೂಕವನ್ನು ಮೇಜಿನ ಬಳಿ ಕುಳಿತವರೇ ಹಾಕಬೇಕು. ಆಟ ಮುಗಿಸಿ ಏಳುವಾಗ ನಾಲ್ವರಲ್ಲಿ ಪ್ರತಿಯೊಬ್ಬರೂ ‘ಆ ಗಳಿಗೆಯಲ್ಲಿ ನಾನಿಲ್ಲದಿದ್ದರೆ ಆಗುತ್ತಿರಲಿಲ್ಲ’ ಎಂದು ಹೇಳಿಕೊಳ್ಳುವಂತಿದ್ದರೆ, ತೂಕ ಸರಿಯಾಗಿದೆ ಎಂದು ತಿಳಿಯಬಹುದು.